ತಖೀರಾದ ಕೊಳ್ಳಿದೆವ್ವ

ಶರ್ಮಿಳಾಳಿಗೆ ಪತ್ರ ಕೊಟ್ಟು ಇಪ್ಪತ್ತೆರಡು ದಿನಗಳಾಗಿದ್ದವು. ಉತ್ತರ ಬಂದಿರಲಿಲ್ಲ. ಮರುದಿನ, ಶನಿವಾರ ಸಂಜೆ, ಬಹರೈನ್‌ನಿಂದ ಹುಡುಗನ ಕಡೆಯವರು ಅವಳನ್ನು ನೋಡಲು ಬರುವವರಿದ್ದರು. ನನ್ನ ಪಾಲಿಗೆ ಉಳಿದಿದ್ದುದು ಈ ಶುಕ್ರವಾರ ಒಂದೇ. ಅದರಲ್ಲಿಯೂ ಅರ್ಧ ದಿನ ಅಪ್ಪಯ್ಯಣ್ಣನ ಮನೆಯಲ್ಲಿ ಅಂಜಲ್ ಮೀನಿನ ಸಾರು ಉಣ್ಣುವುದರಲ್ಲಿ ಕಳೆದುಹೋಗಿತ್ತು.

ಅಪ್ಪಯ್ಯಣ್ಣನಿಗೆ ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸ್ಪೇರ್‌ಪಾರ್ಟ್ಸ್ ಅಂಗಡಿ. ಅದರ ಎದುರಿನ ಕಾಂಟ್ರಾಕ್ಟಿಂಗ್ ಕಂಪೆನಿಯಲ್ಲಿ ನಾನು ಡ್ರಾಯಿಂಗುಗಳಿಗೆ ನಂಬರು ಹಾಕಿ ಕಪಾಟಿನಲ್ಲಿಡುವ ಕೆಲಸ ಮಾಡುತ್ತೇನೆ. ಮಂಗಳೂರಿನಲ್ಲಿ ಎಂ.ಎ. ಮಾಡಿದವನಿಗೆ ಇದೆಂಥ ಕೆಲಸ ಎಂದು ಊರಿನಲ್ಲಿ ಕೇಳುತ್ತಾರೆ. ಇಡೀ ದಿನ ಯಾರೊಂದಿಗೂ ಮಾತನಾಡದೆ ಸಂಬಳ ಸಿಗುವ ಕೆಲಸ ಇನ್ನೆಲ್ಲಿದೆ ಎಂದು ನಾನು ಮನಸ್ಸಿನಲ್ಲೇ ಕೇಳಿಕೊಳ್ಳುತ್ತೇನೆ. ಶುಕ್ರವಾರ ಮಾತ್ರ ಅಲ್ ಮನ್ಸೂರಾದ ನನ್ನ ಕೋಣೆಯಿಂದ ಓಲ್ಡ್ ಏರ್‌ಪೋರ್ಟಿನ ಅವರ ಫ್ಲಾಟಿಗೆ ಊಟಕ್ಕೆ ಹೋಗುತ್ತೇನೆ. ಅಪ್ಪಯ್ಯಣ್ಣನ ಹೆಂಡತಿ ಲೀಲಾಕ್ಷಿ, ಎಲ್ಲರ ಬಾಯಲ್ಲಿ ಲೀಲಕ್ಕ. ಶರ್ಮಿಳಾ ಲೀಲಕ್ಕನ ತಂಗಿಯ ಮಗಳು. ಅದೇ ಕಟ್ಟಡದಲ್ಲಿ ಎರಡು ಮಹಡಿ ಮೇಲೆ ತಂದೆತಾಯಿಯೊಡನೆ ಇದ್ದಾಳೆ. ದೋಹಾದಲ್ಲೇ ಹುಟ್ಟಿದವಳು, ಜಾಹೀರಾತು ಕಂಪೆನಿಯಲ್ಲಿ ಚಿತ್ರ ಮಾಡುವವಳು.

ಅವಳ ಎದುರು ನನಗೆ ಮಾತು ಬರುವುದಿಲ್ಲ. ಅದಕ್ಕೇ ಬರೆದು ಕೊಟ್ಟಿದ್ದೆ. ಎರಡು ಪುಟ, ನೀಲಿ ಶಾಯಿ, ಒಂದೂ ಕಾಟು ಹಾಕದ ಕನ್ನಡ. ಮೌನದ ಮೇಲೆ ನನಗೆ ಸಿಟ್ಟಿಲ್ಲ. ಮೊದಲ ವಾರ ಅವಳ ಮೌನದಲ್ಲಿ ಆಲೋಚನೆ ಇದೆ ಎಂದುಕೊಂಡೆ, ಆಮೇಲೆ ಸಂಕೋಚ ಇದೆ ಎಂದುಕೊಂಡೆ. ಆದರೆ ಮೂರನೆಯ ವಾರ ಲಿಫ್ಟಿನ ಬಾಗಿಲು ತೆರೆದು ಒಳಗೆ ನನ್ನನ್ನು ಕಂಡವಳೇ ಮೆಟ್ಟಿಲು ಹತ್ತಿಹೋದಳು. ಆರನೇ ಮಹಡಿಗೆ.

ಈ ಶುಕ್ರವಾರ ಊಟ ಬಡಿಸುತ್ತ ಲೀಲಕ್ಕ ಕೇಳಿದರು: "ಅಲ್ಲ ಅಕ್ಷಯ, ನಿನ್ನ ಬಾಳೆತೋಟ ಎಲ್ಲಿವರೆಗೆ ಬಂತು?"

"ಯಾವ ಬಾಳೆತೋಟ ಲೀಲಕ್ಕ?"

"ಬಿಡು ಮಾರಾಯ್ತಿ," ಎಂದರು ಅಪ್ಪಯ್ಯಣ್ಣ ಮೀನಿನ ಮುಳ್ಳು ತೆಗೆಯುತ್ತ. "ಬಿಸಿನೆಸ್ ಸೀಕ್ರೆಟ್ ಇರ್ತದೆ. ಹುಡುಗರು ಹೇಳುದಿಲ್ಲ."

ನನಗೆ ಅರ್ಥವಾಗಲಿಲ್ಲ. ಊಟಕ್ಕೆಂದು ಕೆಳಗಿಳಿದು ಬಂದಿದ್ದ ಶರ್ಮಿಳಾ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದಳು.

ಊಟವಾದ ಮೇಲೆ ಅಪ್ಪಯ್ಯಣ್ಣನಿಗೆ ಸಮುದ್ರದ ಗಾಳಿ ಬೇಕೆನಿಸಿತು. ನಾಲ್ವರೂ ಅವರ ಹಳೆಯ ಪಜೇರೋದಲ್ಲಿ ಉತ್ತರಕ್ಕೆ, ತಖೀರಾದ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕಡೆಗೆ ಹೊರಟೆವು. ಜನರೆಲ್ಲ ಇಳಿಯುವ ಜಾಗ ಬಿಟ್ಟು, "ನನಗೊಂದು ಸ್ಪಾಟ್ ಗೊತ್ತುಂಟು" ಎಂದು ಅವರು ಗಾಡಿಯನ್ನು ಡಾಂಬರಿನಿಂದ ಇಳಿಸಿ ಬಹಳ ದೂರ ಓಡಿಸಿದರು. ನೀರು ಇಳಿದಿತ್ತು. ಗಿಡಗಳ ಬುಡದಲ್ಲಿ ಕೆಸರು ಹೊಳೆಯುತ್ತಿತ್ತು. ಒಬ್ಬ ಮನುಷ್ಯನೂ ಇರಲಿಲ್ಲ.

ಡಿಸೆಂಬರಿನಲ್ಲಿ ಇಲ್ಲಿ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಚಾಪೆ ಹಾಸಿ, ಫ್ಲಾಸ್ಕಿನ ಚಹಾ ಕುಡಿಯುತ್ತ ಕುಳಿತಾಗ ಕತ್ತಲಾಗತೊಡಗಿತು. ಅಪ್ಪಯ್ಯಣ್ಣ ಮರುಭೂಮಿಯ ಕಡೆ ಕೈ ತೋರಿಸಿ, ಅಂಗಡಿಗೆ ಬರುವ ಒಬ್ಬ ಮುದುಕ ಅರಬ ಹೇಳಿದ ಕತೆ ತೆಗೆದರು. ಅಬೂ ಫಾನೂಸ್ ಅಂತ ಒಂದು ಉಂಟಂತೆ, ಲಾಟೀನಿನ ಅಪ್ಪ. ಒಬ್ಬಂಟಿ ಪ್ರಯಾಣಿಕನ ಮುಂದೆ ದೀಪ ಹಿಡಿದು ಹೋಗುತ್ತದೆ. ಹತ್ತಿರ ಹೋದಷ್ಟೂ ಅದು ದೂರ.

"ಅದೆಂತ ದೊಡ್ಡ ವಿಷಯ," ಎಂದರು ಲೀಲಕ್ಕ. "ನಮ್ಮಲ್ಲಿ ಕೊಳ್ಳಿದೆವ್ವ ಇಲ್ವಾ? ನನ್ನ ಸೋದರಮಾವ ಉದ್ಯಾವರದ ಹೊಳೆಬದಿಯಲ್ಲಿ ಕಂಡವರು. ಬೆಳಕು ಬರ್ತಾ ಉಂಟು, ಇವರಿಗೆ ಯಾರೋ ತೆಂಗಿನ ಗರಿಯ ಸೂಟೆ ಹಿಡ್ಕೊಂಡು ಬರ್ತಾರೆ ಅಂತ. ‘ಯಾರ್ ಮಾರಾಯ, ಬೀಡಿಗೆ ಬೆಂಕಿ ಉಂಟಾ’ ಅಂತ ಕೇಳಿದ್ರು. ಮುಗೀತು. ಮೊದಲು ಮಾತಾಡಿದವನ ಹಿಂದೆ ಅದು ಮನೆವರೆಗೆ ಬರ್ತದೆ. ಮೂರು ತಿಂಗಳು ಬಂತು."

"ಬೀಡಿ ಹಚ್ಚಿಕೊಟ್ಟಿತಾ ಇಲ್ವಾ?" ಅಪ್ಪಯ್ಯಣ್ಣ ಕೇಳಿದರು.

"ನೀವು ನಗಾಡಿ. ಕಂಡರೆ ಬಾಯಿ ಬಿಡ್ಲಿಕ್ಕಿಲ್ಲ, ಹೆಸರು ಹೇಳ್ಲಿಕ್ಕಿಲ್ಲ. ಅಂಗಿ ಒಳಹೊರಗೆ ತಿರುಗಿಸಿ ಹಾಕಬೇಕು. ಆಗ ಅದಕ್ಕೆ ಆಳಿನ ಗುರ್ತ ಸಿಗುದಿಲ್ಲ."

"ಈಗ ಹೆಸರು ಹೇಳಿದಿಯಲ್ಲ."

"ಇಲ್ಲಿ ಅದು ಎಲ್ಲಿಂದ ಬರ್ತದೆ, ಇದು ಕತಾರ್."

"ಹೌದು, ಅದಕ್ಕೆ ವೀಸಾ ಯಾರು ಕೊಡ್ತಾರೆ," ಎಂದು ಅಪ್ಪಯ್ಯಣ್ಣ ಎದ್ದು ಚಾಪೆ ಕೊಡವಿದರು.

ಶರ್ಮಿಳಾ ನಗಲಿಲ್ಲ. "ದೊಡ್ಡಮ್ಮ, ಇನ್ನೊಮ್ಮೆ ಹೇಳಿ. ಎಂತ ದೆವ್ವ?" ಎಂದು ಕೇಳಿದಳು. ಲೀಲಕ್ಕ ಹೇಳಿದರು. ಅವಳು ಚೀಲದಿಂದ ಫೋನ್ ತೆಗೆದು ಏನನ್ನೋ ಹುಡುಕತೊಡಗಿದಳು.

ಹೊರಡಲೆಂದು ಗಾಡಿ ಚಾಲೂ ಮಾಡಿದರೆ ಹಿಂದಿನ ಎರಡೂ ಚಕ್ರಗಳು ತಿರುಗಿ ತಿರುಗಿ ಒದ್ದೆ ಮರಳಿನೊಳಗೆ ಇಳಿದವು. ನಾನು ಇಳಿದು ದೂಡಿದೆ. ಮತ್ತೆ ಇಳಿದವು. ನಾನು ಸೊಂಟ ಹಿಡಿದುಕೊಂಡು ನೆಟ್ಟಗಾದಾಗಲೇ ಅದನ್ನು ಕಂಡದ್ದು.

ಕಾಂಡ್ಲಾ ಗಿಡಗಳ ಆಚೆ, ನೀರಿನಿಂದ ಸ್ವಲ್ಪ ಮೇಲಕ್ಕೆ, ಒಂದು ಬೆಳಕು ತೇಲುತ್ತಿತ್ತು. ದೋಣಿಯದಲ್ಲ, ದೋಣಿ ಇರಲಿಲ್ಲ. ಬಿಳಿಯೂ ಅಲ್ಲ, ನೀಲಿಯೂ ಅಲ್ಲ. ನೋಡುತ್ತಿದ್ದಂತೆ ಅದು ಆರಿತು. ಸ್ವಲ್ಪ ಆಚೆ ಇನ್ನೊಂದು ಹತ್ತಿತು. ಅದು ನಿಂತಿತು, ಬಗ್ಗಿತು, ಮತ್ತೆ ಮೇಲೆದ್ದಿತು.

ನನ್ನ ಎಂ.ಎ. ಆ ಕ್ಷಣಕ್ಕೆ ಎಲ್ಲಿತ್ತೋ ಗೊತ್ತಿಲ್ಲ. ತಿರುಗಿ ನೋಡಿದರೆ ಲೀಲಕ್ಕ ಗಾಡಿಯ ಕಿಟಕಿಯಲ್ಲಿ, ತುಟಿಯ ಮೇಲೆ ಬೆರಳಿಟ್ಟು, ಕಣ್ಣುಗಳನ್ನು ಇಷ್ಟಗಲ ಮಾಡಿ ಕುಳಿತಿದ್ದರು. ನಾನು ಸದ್ದಿಲ್ಲದೆ ಹಿಂದಿನ ಸೀಟಿಗೆ ಹೋಗಿ ಶರ್ಮಿಳಾಳ ಪಕ್ಕದಲ್ಲಿ ಕುಳಿತೆ. ಅಪ್ಪಯ್ಯಣ್ಣ ಹೆಡ್‌ಲೈಟ್ ಆರಿಸಿದರು. ಅವರು ಬಾಯಿ ತೆರೆಯುವಷ್ಟರಲ್ಲಿ ಲೀಲಕ್ಕನ ಅಂಗೈ ಅದನ್ನು ಮುಚ್ಚಿತು.

ಮೂವತ್ತು ವರ್ಷಗಳ ದಾಂಪತ್ಯದಲ್ಲಿ ಅಪ್ಪಯ್ಯಣ್ಣ ಹೀಗೆ ಸುಮ್ಮನಿದ್ದದ್ದು ಇದೇ ಮೊದಲಿರಬೇಕು. ಇಂಥ ಮೌನ ನನಗೆ ಚೆನ್ನಾಗಿ ಗೊತ್ತು, ನಾನು ಅದರಲ್ಲೇ ಬಾಳುವವನು. ಅವರಿಗೆ ಮಾತ್ರ ಅದು ಬಿಗಿಯಾದ ಬೂಟಿನ ಹಾಗೆ ಆಗಿತ್ತು. ಸೀಟಿನಲ್ಲಿ ಒದ್ದಾಡಿದರು, ಮೀಸೆ ನೀವಿಕೊಂಡರು, ಉಸಿರನ್ನೇ ಮೂರು ನಾಲ್ಕು ರಾಗದಲ್ಲಿ ಬಿಟ್ಟರು. ಲೀಲಕ್ಕ ಕೈಸನ್ನೆಯಲ್ಲಿ ಅಂಗಿ ತೆಗೆಯಿರಿ ಎಂದರು. ಅಪ್ಪಯ್ಯಣ್ಣ ಅರ್ಥವಾಗದವರಂತೆ ನೋಡಿದರು. ಲೀಲಕ್ಕ ತಮ್ಮ ಸ್ವೆಟರನ್ನು ಕಳಚಿ, ಒಳಗನ್ನು ಹೊರಗೆ ಮಾಡಿ, ತೊಟ್ಟು ತೋರಿಸಿದರು. ಅದರ ಬೆನ್ನ ಮೇಲೆ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು.

ನಾನು ಟೀ-ಶರ್ಟ್ ತಿರುಗಿಸಿ ಹಾಕಿಕೊಂಡೆ. ಶರ್ಮಿಳಾ ಜಾಕೆಟ್ ತಿರುಗಿಸಿದಳು. ಸ್ಟಿಯರಿಂಗಿಗೂ ಹೊಟ್ಟೆಗೂ ನಡುವೆ ಸಿಕ್ಕಿಕೊಂಡ ಅಪ್ಪಯ್ಯಣ್ಣ ಮಾತ್ರ ಅಂಗಿಯೊಳಗೆ ತಲೆ ಹುದುಗಿಸಿ, ಎರಡೂ ಕೈ ಮೇಲೆತ್ತಿ, ಹೊರಬರುವ ದಾರಿ ಕಾಣದೆ ಮುಂದಕ್ಕೆ ಬಾಗಿದರು.

ಹಾರ್ನ್ ಮೊಳಗಿತು. ಉದ್ದಕ್ಕೆ, ಮದುವೆ ದಿಬ್ಬಣದ ಬಸ್ಸಿನ ಹಾಗೆ.

ದೂರದ ಬೆಳಕು ಗಕ್ಕನೆ ನಿಂತಿತು. ಎರಡನೆಯದೂ ನಿಂತಿತು. ಎರಡೂ ನಿಧಾನವಾಗಿ ನಮ್ಮ ಕಡೆ ತಿರುಗಿದವು.

ಲೀಲಕ್ಕ ಗಂಡನ ತೋಳನ್ನು ಚಿವುಟಿದ್ದು ನನಗೆ ಕೇಳಿಸಿತು. ಹಾರ್ನ್ ಮಾತಿನ ಲೆಕ್ಕಕ್ಕೆ ಬರುತ್ತದೆಯೇ ಇಲ್ಲವೇ ಎಂಬುದು ಅವರ ಸೋದರಮಾವನ ಕಾಲದಲ್ಲಿ ತೀರ್ಮಾನವಾಗಿರಲಿಲ್ಲ. ಬೆಳಕುಗಳು ಮುಂದೆ ಬರತೊಡಗಿದವು. ಗಿಡಗಳ ಮರೆಗೆ ಹೋದಾಗ ಆರಿ, ಈಚೆ ಬಂದಾಗ ಹತ್ತಿ.

ನನ್ನ ಜೇಬಿನಲ್ಲಿ ಫೋನ್ ನಡುಗಿತು. ಒಂದು ಗೇಣು ಪಕ್ಕದಲ್ಲಿ ಕುಳಿತ ಶರ್ಮಿಳಾ, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳಿಸಿದ್ದಳು.

‘ಕೊಳ್ಳಿ ಅಂದ್ರೆ ಪರ್ಚೇಸ್ ಮಾಡಿ ಅಂತ ಅಲ್ವಾ? ನಮ್ಮ ಆಫೀಸಲ್ಲಿ ಇಂದೇ ಕೊಳ್ಳಿ ಅಂತ ಹಾಕ್ತೇವೆ.’

‘ಇದು ಬೇರೆ ಕೊಳ್ಳಿ,’ ಎಂದು ನಾನೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದೆ. ‘ಉರಿಯುವ ಕಟ್ಟಿಗೆ. ಬೆಂಕಿಯ ಕೊಳ್ಳಿ.’

ಅವಳು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಚಿತ್ರ ಕಳಿಸಿದಳು. ನನ್ನ ಪತ್ರದ ಫೋಟೊ. ಅದರ ಮೇಲೆ ಫೋನ್ ತಾನೇ ಮಾಡಿದ ಇಂಗ್ಲಿಷ್ ಅನುವಾದ ಅಂಟಿಕೊಂಡಿತ್ತು. ‘ನಿಮ್ಮನ್ನು ಕಂಡಾಗಲೆಲ್ಲ ಕೊಳ್ಳಿದೆವ್ವ ಕಂಡವನ ಹಾಗೆ ನನ್ನ ಬಾಯಿ ಕಟ್ಟುತ್ತದೆ. ನನ್ನ ಬಾಳಿಗೆ ಬೆಳಕಾಗಿ ಬನ್ನಿ’ ಎಂದು ನಾನು ಬರೆದಿದ್ದ ಜಾಗದಲ್ಲಿ, ಫೋನಿನ ಪ್ರಕಾರ, ನಾನು ಹೇಳಿದ್ದು ಇಷ್ಟು: ನಿಮ್ಮನ್ನು ನೋಡಿದಾಗಲೆಲ್ಲ ದಯವಿಟ್ಟು ದೆವ್ವ ಖರೀದಿಸಿ. ಬಾಯಿಗೆ ಪ್ಯಾಕೇಜ್ ಇದೆ. ನನ್ನ ಬಾಳೆಗಿಡಗಳಿಗೆ ಲೈಟ್ ತನ್ನಿ.

‘ನಿಮಗೆ ಕನ್ನಡ ಓದಲಿಕ್ಕೆ ಬರುದಿಲ್ವಾ?’ ಎಂದು ಕಳಿಸಿದೆ.

‘ಇಲ್ಲ.’

‘ರಾಜ್ಯೋತ್ಸವದಲ್ಲಿ ಕಾಗದ ನೋಡಿ ನಿರೂಪಣೆ ಮಾಡಿದ್ರಿ.’

‘ಅದು ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು. ನೀವು ಚೈನ್ ಸ್ಕೀಮಿಗೆ ಸೇರಿದ್ದೀರಿ ಅಂತ ತಿಳ್ಕೊಂಡೆ. ಸೋಲಾರ್ ಬಾಳೆತೋಟ. ನನ್ನ ಹತ್ರ ಮಾರ್ಲಿಕ್ಕೆ ಬರ್ತೀರಿ ಅಂತ ಮೆಟ್ಟಿಲು ಹತ್ತಿ ಓಡಿದ್ದು.’

ಇಪ್ಪತ್ತೆರಡು ದಿನ ನಾನು ಆ ಮೌನದೊಳಗೆ ಏನೇನನ್ನೆಲ್ಲ ಓದಿಕೊಂಡಿದ್ದೆ. ಅದರೊಳಗೆ ಇದ್ದದ್ದು ಬಾಳೆಗೊನೆ. ಹೊಟ್ಟೆಯ ತಳದಿಂದ ನಗು ಎದ್ದಿತು. ತಡೆಯಲು ಸೀಟಿನ ಬೆಲ್ಟನ್ನು ಕಚ್ಚಿಕೊಂಡೆ. ಪಕ್ಕದಲ್ಲಿ ಶರ್ಮಿಳಾಳ ಭುಜಗಳು ಕುಲುಕುತ್ತಿದ್ದವು. ಅವಳು ತಿರುಗಿಸಿ ಹಾಕಿದ ಜಾಕೆಟಿನ ಕಾಲರನ್ನು ಬಾಯಿಗೆ ತುರುಕಿಕೊಂಡಿದ್ದಳು. ಲೀಲಕ್ಕ ಹಿಂದೆ ತಿರುಗಿ ನಮ್ಮಿಬ್ಬರನ್ನೂ ನೋಡಿ, ದೆವ್ವ ಆಗಲೇ ಒಳಗೆ ಬಂತೆಂದು ತಿಳಿದು ಕೈಮುಗಿದರು. ಅದನ್ನು ಕಂಡು ನಗು ಇನ್ನಷ್ಟು ಹೆಚ್ಚಾಯಿತು. ಇಡೀ ಗಾಡಿ ಅಲುಗಾಡಿತು. ಅಂಗಿಯೊಳಗಿನಿಂದ ಆಗಷ್ಟೆ ಹೊರಬಂದಿದ್ದ ಅಪ್ಪಯ್ಯಣ್ಣ ಎರಡೂ ಕೈಯಲ್ಲಿ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದುಕೊಂಡರು.

‘ಮತ್ತೆ ಏನು ಬರೆದದ್ದು ಹಾಗಾದ್ರೆ?’ ಅವಳು ಕಳಿಸಿದಳು.

ನಾನು ಬರೆಯತೊಡಗಿದೆ. ಅಳಿಸಿದೆ. ಮತ್ತೆ ಬರೆದೆ. ಬೆಳಕುಗಳು ಈಗ ಗಿಡಗಳ ಈಚೆಗೆ ಬಂದಿದ್ದವು. ನೀರಿನಲ್ಲಿ ಕಾಲಿಡುವ ಸದ್ದು ಕೇಳಿಸಿತು. ದೆವ್ವಕ್ಕೆ ಕಾಲಿರುವುದಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ನನ್ನ ಪರದೆಯ ಮೇಲೆ ಅವಳ ಇನ್ನೊಂದು ಸಾಲು ಬಂತು. ‘ಟೈಪ್ ಮಾಡಬೇಡಿ. ಬಾಯಲ್ಲಿ ಹೇಳಿ.’

ನಾನು ಲೀಲಕ್ಕನ ಕಡೆ ಸನ್ನೆ ಮಾಡಿದೆ. ಬೆಳಕಿನ ಕಡೆ ಸನ್ನೆ ಮಾಡಿದೆ. ಮೊದಲು ಮಾತನಾಡಿದವನ ಹಿಂದೆ ಅದು ಮನೆಯವರೆಗೆ ಬರುತ್ತದೆ ಎಂಬುದನ್ನು ಎರಡು ಬೆರಳುಗಳಿಂದ ನಡೆದು ತೋರಿಸಿದೆ.

ಅವಳು ಬರೆದಳು: ‘ನಾಳೆ ಬಹರೈನಿನವರೂ ಬರ್ತಾರೆ.’

ಮೂರು ತಿಂಗಳು ಒಂದು ದೆವ್ವ ನನ್ನ ಬೆನ್ನ ಹಿಂದೆ ಅಲ್ ಮನ್ಸೂರಾದ ನಾಲ್ಕು ಮಹಡಿ ಹತ್ತಿ ಬಂದು, ಮೂವರು ರೂಮ್‌ಮೇಟ್‌ಗಳ ನಡುವೆ ನಿಲ್ಲುವುದನ್ನು ಕಲ್ಪಿಸಿಕೊಂಡೆ. ಪರವಾಗಿಲ್ಲ ಎನಿಸಿತು. ನಿಲ್ಲಲಿ. ಬಾಡಿಗೆಯನ್ನೂ ಹಂಚಿಕೊಳ್ಳಲಿ.

"ಶರ್ಮಿಳಾ," ಎಂದೆ. ಆ ಗಾಡಿಯೊಳಗೆ ನನ್ನ ಧ್ವನಿ ಎಷ್ಟು ದೊಡ್ಡದಾಗಿತ್ತೆಂದರೆ ನಾನೇ ಬೆಚ್ಚಿಬಿದ್ದೆ. "ನನ್ನನ್ನು ಮದುವೆ ಆಗ್ತೀರಾ?"

ಲೀಲಕ್ಕ ಕಣ್ಣು ಮುಚ್ಚಿಕೊಂಡರು. ಬೆಳಕುಗಳು ನಿಂತಲ್ಲೇ ನಿಂತವು. ಶರ್ಮಿಳಾ ಬಾಯಿ ತೆರೆದಳು.

"ಕನ್ನಡದವರಾ?" ಎಂದು ನೀರಿನ ಕಡೆಯಿಂದ ಒಂದು ಗಂಡುಧ್ವನಿ ಕೇಳಿತು.

ಅಪ್ಪಯ್ಯಣ್ಣ, ಅರ್ಧ ಗಂಟೆಯ ಉಪವಾಸ ಮುರಿದವರಂತೆ, ಕಿಟಕಿ ಇಳಿಸಿ ಒಂದೇ ಉಸಿರಿನಲ್ಲಿ ಕೇಳಿದರು: "ಹೌದು ಮಾರಾಯ್ರೇ, ನೀವು ಯಾರು, ಊರು ಯಾವುದು, ಈ ಕೆಸರಲ್ಲಿ ನಿಮಗೆಂತ ಕೆಲಸ, ಮನುಷ್ಯರಾ ಅಲ್ವಾ?"

ಮನುಷ್ಯರೇ. ಉಳ್ಳಾಲದ ಅಬೂಬಕರ್ ಮತ್ತು ಅವರ ಹೆಂಡತಿ ಝಾಹಿದಾ. ಹಣೆಗೆ ಟಾರ್ಚ್ ಕಟ್ಟಿಕೊಂಡು, ಮೊಣಕಾಲಿನವರೆಗೆ ಪ್ಯಾಂಟ್ ಮಡಚಿ, ಏಡಿ ಹಿಡಿಯಲು ಬಂದವರು. ನೀರು ಇಳಿದ ದಿನ ಟಾರ್ಚಿನ ಬೆಳಕಿಗೆ ಏಡಿ ಕಣ್ಣು ಕಾಣದೆ ನಿಂತುಬಿಡುತ್ತದಂತೆ. ಬಗ್ಗಿ ಹಿಡಿದಾಗ ಬೆಳಕು ಗಿಡದ ಮರೆಗೆ. ಇಬ್ಬರ ಕೈಯಲ್ಲಿದ್ದ ಬಕೆಟ್ಟು ಒಳಗಿನಿಂದ ಪರಪರ ಎನ್ನುತ್ತಿತ್ತು.

"ನಿಮಗೆ ನಮ್ಮನ್ನು ಕಂಡು ಹೆದರಿಕೆಯಾ?" ಅಬೂಬಕರ್ ಕೈಯಿಂದ ಹಣೆ ಒರೆಸಿಕೊಂಡರು. "ನಮ್ಮ ಕತೆ ಕೇಳಿ. ಮಗ್ರಿಬ್ ನಮಾಜು ಮುಗಿಸಿ ನೀರಿಗಿಳಿದದ್ದು. ಎಲ್ಲಿಂದಲೋ ಹಾರ್ನ್. ನೋಡಿದರೆ ಲೈಟಿಲ್ಲದ ಗಾಡಿ. ಒಳಗೆ ನೀಲಿ ನೀಲಿ ಎರಡು ಮುಖ ಕುಣಿಯುದು. ಇವಳು ಜಿನ್ನ್ ಅಂದ್ಳು. ನಾನು ಬಿಸ್ಮಿ ಹೇಳಿ ಹೇಳಿ ನಾಲಿಗೆ ಒಣಗಿತು."

"ಮತ್ತೆ ಈ ಕಡೆ ಯಾಕೆ ಬಂದ್ರಿ?" ಲೀಲಕ್ಕ ಇನ್ನೂ ಪೂರ್ತಿ ನಂಬಿರಲಿಲ್ಲ.

"ನಮ್ಮ ಪಿಕಪ್ ನಿಮ್ಮ ಹಿಂದೆ, ದಿಬ್ಬದ ಆಚೆ ಉಂಟು ಅಕ್ಕ, ದಾರಿ ಇದೊಂದೇ," ಎಂದರು ಝಾಹಿದಾ. "ಮದುವೆ ಆಗ್ತೀರಾ ಅಂತ ಕೇಳಿದ ಮೇಲೆ ಧೈರ್ಯ ಬಂತು. ಜಿನ್ನ್ ಅಷ್ಟು ಮರ್ಯಾದೆಯಲ್ಲಿ ಕೇಳುದಿಲ್ಲ. ನೀವೆಲ್ಲ ಬಟ್ಟೆ ಯಾಕೆ ಉಲ್ಟಾ ಹಾಕಿದ್ದು?"

ಲೀಲಕ್ಕನಿಗೆ ಆಗ ಮದುವೆಯ ಮಾತು ನೆನಪಾಯಿತು. ಗಾಡಿಯಿಂದ ಇಳಿದು ನನ್ನನ್ನು ಮೇಲಿನಿಂದ ಕೆಳಗಿನವರೆಗೆ, ತಿರುಗಿಸಿ ಹಾಕಿದ ಟೀ-ಶರ್ಟಿನ ಹೊಲಿಗೆಗಳ ಸಮೇತ, ಹೊಸದಾಗಿ ನೋಡಿದರು.

"ನಿನ್ನ ಬರಿ ಯಾವುದು?"

ಬರಿ ಎಂದರೆ ಕುಲ, ನಮ್ಮಲ್ಲಿ ಅದು ತಾಯಿಯ ಕಡೆಯಿಂದ ಬರುತ್ತದೆ. ಹುಡುಗ ಹುಡುಗಿಯದು ಒಂದೇ ಆದರೆ ಅವರು ಅಣ್ಣ ತಂಗಿ; ಅಲ್ಲಿಗೆ ಎಲ್ಲ ಮುಗಿಯಿತು. ದೆವ್ವದ ಎದುರು ಬಾರದಷ್ಟು ಭಯ ಈಗ ಬಂತು.

"ಕುಂದರ್."

"ನಮ್ಮದು ಸಾಲ್ಯಾನ್," ಎಂದರು ಲೀಲಕ್ಕ. "ಆಗ್ತದೆ. ಆದರೆ ನಾವು ಆಗ್ತದೆ ಅಂದರೆ ಆಯ್ತಾ? ಅವಳು ಹೇಳಬೇಕು. ಬಾಳೆತೋಟದವನನ್ನು ಅವಳಿಗೆ ಆಗುದಿಲ್ಲ."

"ಬಾಳೆತೋಟ ಇಲ್ಲ ದೊಡ್ಡಮ್ಮ," ಎಂದಳು ಶರ್ಮಿಳಾ. ಅವಳ ಕಣ್ಣಿನಲ್ಲಿ ನಗುವಿನ ನೀರು ಇನ್ನೂ ಇತ್ತು. "ಅದು ನನ್ನ ಫೋನಿನ ತೋಟ." ನನ್ನ ಕಡೆ ತಿರುಗಿದಳು. "ಮೊದಲು ಪತ್ರ ಓದಿ. ಪೂರ್ತಿ. ನನಗೆ ಬಂದದ್ದಲ್ವಾ, ನಾನು ಕೇಳಬೇಕು."

"ಇಲ್ಲಿಯಾ?"

"ಇಲ್ಲಿಯೇ."

ಫೋನಿನ ಚಿತ್ರದಲ್ಲಿ ಅಕ್ಷರಗಳು ಬಹಳ ಸಣ್ಣ. ಅವಳು ಚೀಲದ ಒಳಜೇಬಿನಿಂದ ಆ ಎರಡು ಹಾಳೆಗಳನ್ನು ತೆಗೆದಳು. ದೆವ್ವ ಮಾರುವವನ ಕಾಗದವನ್ನು ಯಾಕೆ ಇಪ್ಪತ್ತೆರಡು ದಿನ ಜೊತೆಯಲ್ಲೇ ಇಟ್ಟುಕೊಂಡಿದ್ದಳೆಂದು ನಾನು ಕೇಳಲಿಲ್ಲ. ಮುಖದಲ್ಲೇ ಅವಳಿಗೆ ಆ ಪ್ರಶ್ನೆ ಕಂಡಿರಬೇಕು. "ಒಂದು ತಗೊಳ್ಳುವ ಅಂತ ಇದ್ದೆ," ಎಂದಳು. "ಎಂತ ದೆವ್ವ ಅಂತ ನೋಡಿ."

ಅಬೂಬಕರ್ ಹಣೆಯ ಟಾರ್ಚನ್ನು ಬಿಚ್ಚಿ ನನ್ನ ಹಾಳೆಯ ಮೇಲೆ ಹಿಡಿದರು. ನಾನು ಓದಿದೆ. ಬರೆಯುವಾಗ ಅದು ಒಬ್ಬಳಿಗಾಗಿ ಬರೆದದ್ದು. ಈಗ ನಾಲ್ವರು ದೊಡ್ಡವರು ಮತ್ತು ಒಂದು ಬಕೆಟ್ ಏಡಿ ಕೇಳುತ್ತಿದ್ದವು. ಮೊದಲ ಪುಟದಲ್ಲಿ ‘ನಿಮ್ಮ ಸನ್ನಿಧಿ’ ಎಂಬಲ್ಲಿ ಅಪ್ಪಯ್ಯಣ್ಣ, "ಸನ್ನಿಧಿ ದೇವಸ್ಥಾನದಲ್ಲಿ ಇರುದು ಮಾರಾಯ" ಎಂದರು. ಲೀಲಕ್ಕ ಗದರಿಸಿದರು. ಎರಡನೇ ಪುಟಕ್ಕೆ ಬಂದಾಗ ಝಾಹಿದಾ ದುಪ್ಪಟ್ಟಾದ ತುದಿಯನ್ನು ಬಾಯಿಗೆ ಹಿಡಿದು ನಿಂತಿದ್ದರು. ಓದಿ ಮುಗಿಸಿದಾಗ ನನ್ನ ಕಿವಿಗಳು ಕಾದ ಹೆಂಚಿನ ಹಾಗೆ ಆಗಿದ್ದವು.

ಶರ್ಮಿಳಾ ಹಾಳೆಗಳನ್ನು ತೆಗೆದುಕೊಂಡು ಮಡಚಿದಳು. ಆಮೇಲೆ ಫೋನ್ ಕಿವಿಗಿಟ್ಟುಕೊಂಡಳು.

"ಅಮ್ಮಾ. ಬಹರೈನಿನವರಿಗೆ ಈಗಲೇ ಫೋನ್ ಮಾಡು. ಟಿಕೆಟ್ ಕ್ಯಾನ್ಸಲ್ ಮಾಡ್ಲಿ, ಬರುದು ಬೇಡ. ಹೌದು, ಖಲಾಸ್. ಹುಷಾರಿದ್ದೇನೆ ಅಮ್ಮಾ, ಮಂಡೆ ಸರಿ ಉಂಟು. ಇಲ್ಲ, ಅಡುಗೆ ನಿಲ್ಲಿಸಬೇಡ. ಜನ ಬರ್ತಾರೆ. ಬೇರೆ ಜನ." ಅವಳು ಫೋನನ್ನು ಸ್ವಲ್ಪ ದೂರ ಹಿಡಿದು ನನ್ನನ್ನು ನೋಡಿದಳು. "ನಿಮ್ಮ ಕಡೆಯಿಂದ ಎಷ್ಟು ಜನ ಅಂತ ಕೇಳ್ತಾ ಇದ್ದಾರೆ."

ಈ ದೇಶದಲ್ಲಿ ನನ್ನ ಕಡೆಯವರೆಂದು ಯಾರೂ ಇರಲಿಲ್ಲ. ಲೀಲಕ್ಕ, ಅಪ್ಪಯ್ಯಣ್ಣ ಹುಡುಗಿಯ ಕಡೆಗೆ ಸೇರಿಹೋಗಿದ್ದರು. ನಾನು ಸುತ್ತ ನೋಡಿದೆ. ಅಬೂಬಕರ್ ಪಿಕಪ್ಪಿನಿಂದ ಹಗ್ಗ ತಂದು ಪಜೇರೋದ ಕೊಕ್ಕೆಗೆ ಬಿಗಿಯುತ್ತಿದ್ದರು. ಹಾಗೇ ಬಗ್ಗಿಕೊಂಡು, ಒಂದು ಕೈಯನ್ನು ಮೇಲೆತ್ತಿದರು. ಅವರ ಹಿಂದೆ ಝಾಹಿದಾ ಕೂಡ.

"ಮೂರು," ಎಂದೆ.

"ಏಡಿ ನಾವು ತರ್ತೇವೆ ಅಂತ ಹೇಳಿ," ಎಂದರು ಝಾಹಿದಾ.